ಪಾಠಶೋಧನೆಯಲ್ಲಿ ವಿನ್ಯಾಸಸೂತ್ರ ಮತ್ತು ಕಾಲ್‌ಬ್ಯಾಕ್ ವಿಧಾನ

1. ಪ್ರಸ್ತಾವನೆ

ತಾಳೆಯೋಲೆ, ಕಡತ, ಶಾಸನಗಳ ಪಾಠಗಳನ್ನು ಗಣಕಯಂತ್ರಕ್ಕೆ ಊಡಿಸುವ ಕಾರ್ಯ ಇಂದು ವಿರಳವಾದುದಲ್ಲ. ಊಡಿಸಿದ ಪಾಠದಿಂದ ಶಬ್ದಸೂಚಿ, ಸ್ಥಳನಾಮಸೂಚಿ, ಪಾಠಾಂತರಪಟ್ಟಿಗಳನ್ನು ಸಿದ್ಧಪಡಿಸುವಾಗ ಸಂಪಾದಕನು ಯಂತ್ರಕ್ಕೆ ಎರಡು ಬಗೆಯ ಆಜ್ಞೆಗಳನ್ನು ಕೊಡುತ್ತಾನೆ: ಒಂದು, 'ಇಂತಹ ರೂಪವನ್ನು ಹುಡುಕು', ಇನ್ನೊಂದು, 'ಅದರ ಸ್ಥಾನದಲ್ಲಿ ಇದನ್ನಿಡು'. ಮೊದಲನೆಯದು ನಿರಪಾಯಕರ. ಎರಡನೆಯದು ಹಾಗಲ್ಲ. ಹಸ್ತಪ್ರತಿಯ ಲಿಪಿಕಾರನು ಒಂದು ಸ್ಖಾಲಿತ್ಯವನ್ನು ಒಂದೆಡೆ ಮಾಡಿದರೆ, ಯಂತ್ರವು ಅದನ್ನು ಕ್ಷಣಾರ್ಧದಲ್ಲಿ ಸಾವಿರ ಕಡೆ, ಒಂದೇ ರೀತಿಯಲ್ಲಿ, ಯಾವ ಗುರುತನ್ನೂ ಉಳಿಸದೆ ಮಾಡಬಲ್ಲುದು. ಲಿಪಿಕಾರನ ತಪ್ಪನ್ನು ಇತರ ಪ್ರತಿಗಳ ಹೋಲಿಕೆಯಿಂದ ತಿದ್ದಬಹುದು. ಯಂತ್ರದ ತಪ್ಪು ಎಲ್ಲ ಪ್ರತಿಗಳಲ್ಲಿಯೂ ಏಕಪ್ರಕಾರವಾಗಿ ಹರಡಿದಾಗ ಹೋಲಿಸಲು ಪ್ರತಿಯೇ ಉಳಿಯುವುದಿಲ್ಲ.

ಹುಡುಕುವ ಕೆಲಸವನ್ನು ಯಂತ್ರಕ್ಕೂ ನಿರ್ಣಯಿಸುವ ಕೆಲಸವನ್ನು ವಿದ್ವಾಂಸನು ರೂಪಿಸಿದ ನಿಯಮಗಳಿಗೂ ಬೇರ್ಪಡಿಸಿ ಕೊಡುವ ಒಂದು ವಿಧಾನ ಗಣಕಶಾಸ್ತ್ರದಲ್ಲಿದೆ. ಅದಕ್ಕೆ 'ಕಾಲ್‌ಬ್ಯಾಕ್' ಎಂದು ಹೆಸರು. ಅದರ ಸ್ವರೂಪವನ್ನು ಕನ್ನಡ ಪಾಠಗಳ ನಿದರ್ಶನಗಳೊಡನೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಒಂದು ಸ್ಥಳನಾಮದ ಸಮಸ್ಯೆ

ಚನ್ನಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ವಿರೂಪಾಕ್ಷಿಪುರವೂ ಒಂದು. ಈ ಪ್ರದೇಶದ ಶಾಸನಗಳು ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ' 9ನೆಯ ಸಂಪುಟದಲ್ಲಿ, ಅಂದಿನ ಬೆಂಗಳೂರು ಜಿಲ್ಲೆಯ ಭಾಗವಾಗಿ ಸೇರಿವೆ. ಇಂತಹ ಸಂಪುಟಗಳ ಪಾಠರಾಶಿಯಿಂದ ವಿರೂಪಾಕ್ಷಿಪುರದ ಉಲ್ಲೇಖಗಳನ್ನು ಸಂಗ್ರಹಿಸಬೇಕೆಂದು ಒಬ್ಬ ಸಂಶೋಧಕನು ಸಂಕಲ್ಪಿಸಿದನೆಂದು ಭಾವಿಸೋಣ.

ಹೆಸರನ್ನು ಇಂದಿನ ರೂಪದಲ್ಲಿಯೇ ಹುಡುಕಿದರೆ ವಿರುಪಾಕ್ಷಿಪುರ, ವಿರೂಪಾಕ್ಷಪುರ ಮೊದಲಾದ ರೂಪಗಳು ಕೈತಪ್ಪುತ್ತವೆ. ಬಲೆಯನ್ನು ಅಗಲಿಸಿ 'ವಿರೂಪಾಕ್ಷ' ಎಂಬಷ್ಟನ್ನೇ ಹುಡುಕಿದರೆ ಬರುವ ಫಲಗಳು ಹಲವು ಜಾತಿಯವು. ಹಂಪೆಯ ದೇವರು ವಿರೂಪಾಕ್ಷ. ಆ ಹೆಸರಿನ ಅರಸರು ವಿಜಯನಗರದಲ್ಲಿ ಆಳಿದ್ದಾರೆ. ವಿಜಯನಗರದ ತಾಮ್ರಶಾಸನಗಳ ಕೊನೆಯಲ್ಲಿ ರಾಜಮುದ್ರಿಕೆಯ ಒಪ್ಪವಾಗಿ ಬರುವುದೂ 'ಶ್ರೀ ವಿರೂಪಾಕ್ಷ' ಎಂಬ ಹೆಸರೇ. 'ಪುರ' ಎಂಬ ಉತ್ತರಪದವಿದ್ದರೂ ಸಂದೇಹ ಪರಿಹಾರವಾಗುವುದಿಲ್ಲ. ಮುಳಬಾಗಿಲಿನ ಕಡೆಯಲ್ಲಿಯೂ ವಿರೂಪಾಕ್ಷನ ಹೆಸರಿನ ಊರುಂಟು.

ಅಕ್ಷರಗಳ ಸಾಲು ಇಲ್ಲಿ ಉತ್ತರವನ್ನು ಕೊಡಲಾರದು. ಉತ್ತರವಿರುವುದು ಸುತ್ತಣ ಸಂಗತಿಗಳಲ್ಲಿ: ಶಾಸನ ಯಾವ ತಾಲ್ಲೂಕಿನದು, ಹೆಸರಿನ ಹಿಂದೆ 'ಶ್ರೀ' ಇದೆಯೇ, ಅದು ಪಾಠದ ಕೊನೆಯ ಶಬ್ದವೇ, ಎಲ್ಲೆಗಳನ್ನು ಹೇಳುವಲ್ಲಿ ನೆರೆಯ ಯಾವ ಊರುಗಳು ಬಂದಿವೆ, ಎಂಬುವುಗಳಲ್ಲಿ. ಆಡಳಿತವಿಭಾಗಗಳೂ ಸ್ಥಿರವಾಗಿಲ್ಲ. ರೈಸ್ ಅವರ ಕಾಲದ ಕಾನಕಾನಹಳ್ಳಿ ಇಂದಿನ ಕನಕಪುರ. ಅಂದಿನ ಕ್ಲೋಸ್‌ಪೇಟೆ ಇಂದಿನ ರಾಮನಗರ. 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಆದುದರಿಂದ ಸೂಚಿಕಾರನಿಗೆ ಬೇಕಾದುದು ಕೇವಲ ಹುಡುಕುವ ಸಾಧನವಲ್ಲ. ದೊರೆತುದನ್ನು ಒಂದೊಂದಾಗಿ ಪರಿಶೀಲಿಸುವ ಸಾಧನ.

3. ವಿನ್ಯಾಸಸೂತ್ರದ ಸ್ವರೂಪ

ಗಣಕಶಾಸ್ತ್ರವು 'ರೆಗ್ಯುಲರ್ ಎಕ್ಸ್‌ಪ್ರೆಶನ್' ಎಂದು ಕರೆಯುವುದನ್ನು ಈ ಲೇಖನದಲ್ಲಿ ವಿನ್ಯಾಸಸೂತ್ರವೆಂದು ಕರೆದಿದೆ. ಒಂದೇ ಶಬ್ದವನ್ನಲ್ಲ, ಒಂದು ಮಾದರಿಗೆ ಒಳಪಡುವ ಎಲ್ಲ ಶಬ್ದಗಳನ್ನೂ ಅಡಕವಾಗಿ ಹೇಳುವ ಬರಹವಿದು. 'ರ-ಕಾರದ ಮೇಲೆ ಹ್ರಸ್ವ ಅಥವಾ ದೀರ್ಘ ಉಕಾರ', 'ಇಲ್ಲಿ ಇಕಾರವಿರಬಹುದು, ಇಲ್ಲದಿರಬಹುದು', 'ಇದರ ಮುಂದೆ ಒಂದು ಅಥವಾ ಹೆಚ್ಚು ಅಂಕೆಗಳು' ಎಂಬಂತಹ ಆಯ್ಕೆ, ವಿಕಲ್ಪ, ಆವೃತ್ತಿಗಳನ್ನು ಅದರಲ್ಲಿ ಸಂಕೇತಗಳಿಂದ ಸೂಚಿಸುತ್ತಾರೆ. ಈ ಕಲ್ಪನೆಯ ಗಣಿತಮೂಲ ಸ್ಟೀಫನ್ ಕ್ಲೀನಿಯವರ 1956ರ ಪ್ರಬಂಧದಲ್ಲಿದೆ. ಪಾಠದಲ್ಲಿ ಹುಡುಕುವ ಕ್ರಮವಾಗಿ ಅದನ್ನು ಕೆನ್ ಥಾಂಪ್ಸನ್ 1968ರಲ್ಲಿ ನಿರೂಪಿಸಿದರು.

ಸೂತ್ರವನ್ನು ಪಾಠಕ್ಕೆ ಹೊಂದಿಸಿ ನೋಡುವ ಕ್ರಮವಿಧಿಯ ಭಾಗವನ್ನು ಇಲ್ಲಿ 'ಶೋಧಕ' ಎನ್ನೋಣ. ಇಂದು ಹೆಚ್ಚು ಬಳಕೆಯಲ್ಲಿರುವ ಶೋಧಕಗಳು ಪಾಠವನ್ನು ಮೊದಲಿನಿಂದ ಒಂದೊಂದೇ ಸಂಕೇತವಾಗಿ ಓದುತ್ತ, ಸೂತ್ರದಲ್ಲಿ ಕವಲು ಬಂದೆಡೆ ಒಂದು ದಾರಿಯನ್ನು ಹಿಡಿಯುತ್ತವೆ. ಮುಂದೆ ಹೊಂದಿಕೆ ತಪ್ಪಿದರೆ ಕವಲಿಗೆ ಮರಳಿ ಇನ್ನೊಂದು ದಾರಿಯನ್ನು ಪರೀಕ್ಷಿಸುತ್ತವೆ. ಈ ಹಿನ್ನಡೆಯ ಗುಣವನ್ನು ಓದುಗರು ನೆನಪಿನಲ್ಲಿಡಬೇಕು; 6ನೆಯ ಭಾಗದ ವಿವರಣೆಗೆ ಅದೇ ಆಧಾರ.

ಕನ್ನಡದ ಮಟ್ಟಿಗೆ ಇನ್ನೊಂದು ವಿಷಯವನ್ನು ಹೇಳಬೇಕು. ನಾವು ಒಂದಕ್ಷರವೆಂದು ಎಣಿಸುವ 'ಕಾ' ಯೂನಿಕೋಡ್ ಪಾಠದಲ್ಲಿ ಎರಡು ಸಂಕೇತಗಳು: ಕಕಾರ ಮತ್ತು ಆಕಾರದ ಚಿಹ್ನೆ. 'ರ್ಮ' ಎಂಬುದು ಮೂರು: ರಕಾರ, ವಿರಾಮ, ಮಕಾರ. ಬರಹದಲ್ಲಿ ಅರ್ಕಾವೊತ್ತು ವ್ಯಂಜನದ ಬಲಕ್ಕೆ ಬಂದರೂ ಯಂತ್ರದ ಸ್ಮೃತಿಯಲ್ಲಿ ರಕಾರ ಮೊದಲು ನಿಲ್ಲುತ್ತದೆ, ಅಂದರೆ ಉಚ್ಚಾರಣಾಕ್ರಮದಲ್ಲಿ. ಆದುದರಿಂದ ಸೂತ್ರವನ್ನು ರಚಿಸುವವನು ಕಣ್ಣಿಗೆ ಕಾಣುವ ಲಿಪಿಯನ್ನಲ್ಲ, ಕಿವಿಗೆ ಕೇಳುವ ವರ್ಣಕ್ರಮವನ್ನು ಅನುಸರಿಸಬೇಕು. ಪ್ರಾಚೀನ ಪಾಠಗಳಿಗೆ ಬೇಕಾದ ಱ, ೞ ಎರಡೂ ಯೂನಿಕೋಡ್‌ನಲ್ಲಿವೆ. ಆದರೆ ೞಕಾರದ ಆಂಗ್ಲ ನಾಮವು ಅಲ್ಲಿ 'ಫ' ಎಂದು ತಪ್ಪಾಗಿ ದಾಖಲಾಗಿ ಹಾಗೆಯೇ ಉಳಿದಿದೆ. ಹೆಸರನ್ನು ನೋಡಿ ಅಕ್ಷರವನ್ನು ಆರಿಸುವವರು ಎಚ್ಚರದಿಂದಿರಬೇಕು.

4. ಕುರುಡು ಆದೇಶದ ದೋಷ

ಒಂದು ಸರಳ ಕಾರ್ಯವನ್ನು ಪರಿಶೀಲಿಸೋಣ. ಹಳೆಯ ಶಾಸನ, ಹಸ್ತಪ್ರತಿಗಳಲ್ಲಿ ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಯಾಗಿ ಬರೆಯುವ ರೂಢಿಯುಂಟು: ಧರ್ಮ್ಮ, ಕೀರ್ತ್ತಿ, ಮೂರ್ತ್ತಿ, ಇರ್ದ್ದಂ. ಸ್ವರದ ಮುಂದೆ ಬಂದ ರೇಫದ ಪರದಲ್ಲಿ ಇಂತಹ ದ್ವಿತ್ವವನ್ನು ಪಾಣಿನೀಯ ವ್ಯಾಕರಣವೂ ವಿಕಲ್ಪವಾಗಿ ಒಪ್ಪುತ್ತದೆ. ಶಬ್ದಸೂಚಿಯಲ್ಲಿ ಧರ್ಮ, ಧರ್ಮ್ಮ ಎರಡೂ ಒಂದೆಡೆ ಬರಬೇಕಾದರೆ ಈ ದ್ವಿತ್ವವನ್ನು ಕಳೆಯಬೇಕು. 'ರಕಾರ, ವಿರಾಮ, ಒಂದು ವ್ಯಂಜನ, ವಿರಾಮ, ಮತ್ತೆ ಅದೇ ವ್ಯಂಜನ' ಎಂಬ ವಿನ್ಯಾಸವನ್ನು ಹುಡುಕಿ, ವ್ಯಂಜನವೊಂದನ್ನು ಬಿಡು ಎಂದರೆ ಕೆಲಸ ಮುಗಿಯಿತೆಂದು ತೋರುತ್ತದೆ.

ಮೊದಲ ತೊಡಕು ಮಹಾಪ್ರಾಣಗಳಲ್ಲಿದೆ. ಅರ್ತ್ಥ, ಅರ್ದ್ಧ ಎಂಬಲ್ಲಿ ಇಮ್ಮಡಿಸಿರುವುದು ಥ, ಧಗಳೇ ಆದರೂ ಬರಹದಲ್ಲಿ ಮೊದಲನೆಯದು ಅಲ್ಪಪ್ರಾಣವಾಗಿ ಕಾಣುತ್ತದೆ. 'ಅದೇ ವ್ಯಂಜನ' ಎಂಬ ಸೂತ್ರ ಇಲ್ಲಿ ಹೊಂದುವುದಿಲ್ಲ. ಅಲ್ಪಪ್ರಾಣ-ಮಹಾಪ್ರಾಣಗಳ ಜೋಡಿಗಳನ್ನೆಲ್ಲ ಸೂತ್ರದಲ್ಲಿ ಸೇರಿಸಿದರೆ ಈ ತೊಡಕು ನೀಗುತ್ತದೆ. ಸೂತ್ರ ಮಾತ್ರ ಉದ್ದವಾಗುತ್ತದೆ.

ಎರಡನೆಯ ತೊಡಕು ಸೂತ್ರವನ್ನು ಬೆಳೆಸುವುದರಿಂದ ನೀಗುವಂತಹುದಲ್ಲ. ಶಾಸನಗಳ ತಿಥಿಭಾಗದಲ್ಲಿ ಮತ್ತೆ ಮತ್ತೆ ಬರುವ 'ಕಾರ್ತ್ತಿಕ' ಶಬ್ದವನ್ನು ನೋಡಿರಿ. ಇದು 'ಕೃತ್ತಿಕಾ' ಎಂಬುದರಿಂದ ನಿಷ್ಪನ್ನವಾದುದು. ಆದಿಯ ಋಕಾರಕ್ಕೆ ವೃದ್ಧಿ ಬಂದು 'ಆರ್' ಆದರೂ ಮುಂದಿನ ತಕಾರದ್ವಿತ್ವ ಮೂಲಶಬ್ದದ್ದೇ. ಹಾಗೆಯೇ ವೃತ್ತಿಯಿಂದ ಬಂದ ವಾರ್ತ್ತಿಕ, ವಾರ್ತ್ತೆ. ಕೀರ್ತ್ತಿಯ ದ್ವಿತ್ವ ಬರಹದ ರೂಢಿ. ಕಾರ್ತ್ತಿಕದ ದ್ವಿತ್ವ ಶಬ್ದದ ಅಂಗ. ಕಣ್ಣಿಗೆ ಎರಡೂ ಒಂದೇ. ಈ ಭೇದವನ್ನು ಅರಿಯಲು ವ್ಯುತ್ಪತ್ತಿಯ ಜ್ಞಾನ ಬೇಕು. ಅದು ವಿನ್ಯಾಸಸೂತ್ರದ ವ್ಯಾಪ್ತಿಗೆ ಹೊರಗಿನದು.

ಮೂರನೆಯದು ಇನ್ನೂ ಸೂಕ್ಷ್ಮ. ಹಳಗನ್ನಡದಲ್ಲಿ ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಜೀವನ. ಆಳ್ ಎಂದರೆ ಭಟ ಅಥವಾ ಒಡೆತನ ನಡೆಸು, ಆೞ್ ಎಂದರೆ ಮುಳುಗು. ೞಕಾರದ ಉಚ್ಚಾರಣೆ ಅಳಿದ ಬಳಿಕ ಬರೆದ ಪ್ರತಿಗಳಲ್ಲಿ ಇವೆರಡೂ ಳಕಾರದಿಂದಲೇ ಬರುತ್ತವೆ. ಸಂಪಾದಕನು ೞಕಾರವನ್ನು ಪುನಃಸ್ಥಾಪಿಸಬೇಕಾದಾಗ 'ಬಾಳ್ ಇದ್ದೆಡೆಯಲ್ಲೆಲ್ಲ ಬಾೞ್' ಎಂದು ಆಜ್ಞಾಪಿಸಿದರೆ ವೀರನ ಕೈಯ ಖಡ್ಗವೆಲ್ಲ ಬದುಕಾಗಿ ಪರಿಣಮಿಸುತ್ತದೆ.

5. ಹೊಂದಿಕೆಯಾದ ಮೇಲೆ ಕರೆ

ಕಾಲ್‌ಬ್ಯಾಕ್ ವಿಧಾನದ ಮೊದಲ ಬಗೆ ಇಂತಹ ಸ್ಥಳಗಳಿಗಾಗಿ ಇದೆ. ಸಾಮಾನ್ಯ ಆದೇಶದಲ್ಲಿ ಶೋಧಕಕ್ಕೆ ಎರಡು ವಸ್ತುಗಳನ್ನು ಕೊಡುತ್ತೇವೆ: ಹುಡುಕಬೇಕಾದ ಸೂತ್ರ, ಅದರ ಸ್ಥಾನದಲ್ಲಿ ಇಡಬೇಕಾದ ಅಕ್ಷರಗಳು. ಈ ವಿಧಾನದಲ್ಲಿ ಎರಡನೆಯದರ ಬದಲು ಒಂದು ಫಂಕ್ಷನ್ನಿನ ಹೆಸರನ್ನು ಕೊಡುತ್ತೇವೆ. ಫಂಕ್ಷನ್ ಎಂದರೆ ದತ್ತವನ್ನು ತೆಗೆದುಕೊಂಡು ಫಲವನ್ನು ಹಿಂದಿರುಗಿಸುವ ಕ್ರಮವಿಧಿಯ ಒಂದು ಘಟಕ. ಶೋಧಕವು ಸೂತ್ರಕ್ಕೆ ಹೊಂದುವ ಪ್ರತಿಯೊಂದು ಸ್ಥಾನದಲ್ಲಿಯೂ ನಿಂತು ಆ ಫಂಕ್ಷನ್ನನ್ನು ಕರೆಯುತ್ತದೆ. ದೊರೆತ ರೂಪವೇನು, ಸೂತ್ರದ ಯಾವ ಭಾಗಕ್ಕೆ ಪಾಠದ ಯಾವ ಭಾಗ ಹೊಂದಿತು, ಪಾಠದಲ್ಲಿ ಅದು ಎಷ್ಟನೆಯ ಸ್ಥಾನ, ಈ ವಿವರಗಳನ್ನು ಅದಕ್ಕೆ ಒಪ್ಪಿಸುತ್ತದೆ. ಫಂಕ್ಷನ್ ಏನನ್ನು ಹಿಂದಿರುಗಿಸುತ್ತದೆಯೋ ಅದನ್ನು ಆ ಸ್ಥಾನದಲ್ಲಿ ಇಟ್ಟು ಮುನ್ನಡೆಯುತ್ತದೆ. ಫಂಕ್ಷನ್ನನ್ನು ಬರೆದವರು ನಾವು, ಕರೆಯುವುದು ಶೋಧಕ. ನಮ್ಮ ಘಟಕವನ್ನು ಅದು ಮರಳಿ ಕರೆಯುವುದರಿಂದ ಈ ಹೆಸರು. ಪೈಥಾನ್, ಜಾವಾಸ್ಕ್ರಿಪ್ಟ್, ಪಿಎಚ್‌ಪಿ ಭಾಷೆಗಳಲ್ಲಿ ಈ ಸೌಕರ್ಯ ಸಿದ್ಧವಾಗಿಯೇ ಇದೆ.

ರೇಫದ್ವಿತ್ವದ ಕಾರ್ಯವನ್ನು ಈ ಕ್ರಮದಲ್ಲಿ ನಡೆಸಿದರೆ ಸೂತ್ರವು 'ರೇಫದ ಮುಂದೆ ದ್ವಿತ್ವ' ಎಂಬ ಬಾಹ್ಯರೂಪವನ್ನು ಮಾತ್ರ ಗುರುತಿಸುತ್ತದೆ. ಕರೆಯಲ್ಪಟ್ಟ ಫಂಕ್ಷನ್ ಆ ಶಬ್ದವನ್ನು ಪೂರ್ಣವಾಗಿ ತೆಗೆದುಕೊಂಡು, ವ್ಯುತ್ಪತ್ತಿಸಿದ್ಧ ದ್ವಿತ್ವವುಳ್ಳ ಶಬ್ದಗಳ ಪಟ್ಟಿಯಲ್ಲಿ ನೋಡುತ್ತದೆ. ಕಾರ್ತ್ತಿಕವು ಅಲ್ಲಿದ್ದರೆ ಬಂದ ರೂಪವನ್ನೇ ಹಿಂದಿರುಗಿಸುತ್ತದೆ. ಇಲ್ಲದಿದ್ದರೆ ಒಂದು ವ್ಯಂಜನವನ್ನು ಕಳೆದು ಹಿಂದಿರುಗಿಸುತ್ತದೆ. ಮಹಾಪ್ರಾಣದ ಜೋಡಿಗಳೂ ಅದೇ ಫಂಕ್ಷನ್ನಿನ ಒಂದು ಚಿಕ್ಕ ಕೋಷ್ಟಕದಲ್ಲಿರುತ್ತವೆ. ಸೂತ್ರ ಚಿಕ್ಕದಾಗಿ ಉಳಿಯುತ್ತದೆ. ಜ್ಞಾನವೆಲ್ಲ ಪಟ್ಟಿಯಲ್ಲಿರುವುದರಿಂದ, ಗಣಕಶಾಸ್ತ್ರವನ್ನು ಅರಿಯದ ವಿದ್ವಾಂಸರೂ ಅದನ್ನು ಓದಿ ತಿದ್ದಬಹುದು.

ೞಕಾರದ ವಿಷಯದಲ್ಲಿ ನಮ್ಮ ವ್ಯಾಕರಣಪರಂಪರೆ ಇಂತಹ ಪಟ್ಟಿಯನ್ನು ಮೊದಲೇ ಒದಗಿಸಿದೆ. ಸುಮಾರು 1260ರ ಕಾಲದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ರಳ ಅಂದರೆ ೞಕಾರವನ್ನೂ, ಕುಳ ಅಂದರೆ ದೇಶ್ಯ ಳಕಾರವನ್ನೂ ಬೇರ್ಪಡಿಸಿ, ರಳವುಳ್ಳ ಶಬ್ದಗಳನ್ನು ಎಣಿಸಿ ಕೊಟ್ಟಿದ್ದಾನೆ. ಉಚ್ಚಾರಣೆ ಅಳಿಯುತ್ತಿದ್ದ ಕಾಲದಲ್ಲಿ ಬರಹಗಾರರು ತಪ್ಪದಿರಲೆಂದು ಮಾಡಿದ ಆ ಪಟ್ಟಿ ಇಂದು ಯಂತ್ರ ತಪ್ಪದಿರಲೆಂದು ಉಪಯೋಗಕ್ಕೆ ಬರುತ್ತದೆ. ಪಟ್ಟಿಯಲ್ಲಿ ರಳರೂಪ ಮಾತ್ರವಿದ್ದು ಕುಳರೂಪದ ಬೇರೊಂದು ಶಬ್ದವಿಲ್ಲದಿದ್ದರೆ ಫಂಕ್ಷನ್ ೞಕಾರವನ್ನು ಇಡಬಹುದು. ಬಾಳ್-ಬಾೞ್, ಆಳ್-ಆೞ್‌ಗಳಂತೆ ಎರಡೂ ಶಬ್ದಗಳಿದ್ದರೆ ಅದು ನಿರ್ಣಯವನ್ನು ಕೊಡಬಾರದು; ರೂಪವನ್ನು ಹಾಗೆಯೇ ಬಿಟ್ಟು, ಸ್ಥಾನವನ್ನು ಸಂಪಾದಕನ ಪರಿಶೀಲನೆಗಾಗಿ ಪಟ್ಟಿಮಾಡಬೇಕು.

ಇಲ್ಲಿ ವಿಧಾನದ ಮುಖ್ಯ ಲಾಭ ಸ್ಪಷ್ಟವಾಗುತ್ತದೆ. ಕುರುಡು ಆದೇಶಕ್ಕೆ ಒಂದೇ ಉತ್ತರ: 'ಬದಲಿಸು'. ಕಾಲ್‌ಬ್ಯಾಕ್‌ಗೆ ಮೂರು: ಬದಲಿಸು, ಬಿಡು, ಸಂದೇಹವೆಂದು ಗುರುತಿಸು. ಗ್ರಂಥಸಂಪಾದಕನು ಕೈಯಿಂದ ಕೆಲಸಮಾಡುವಾಗಲೂ ಇವೇ ಮೂರು ಮಾರ್ಗಗಳಿರುತ್ತವೆ. ವಿರೂಪಾಕ್ಷಿಪುರದ ಹುಡುಕಾಟದಲ್ಲಿಯೂ ಇದೇ ಕ್ರಮ. ಸೂತ್ರವು ವಿರೂಪಾಕ್ಷ ಶಬ್ದದ ಎಲ್ಲ ರೂಪಗಳನ್ನೂ ಉದಾರವಾಗಿ ಹಿಡಿಯಲಿ. ಫಂಕ್ಷನ್ ಮಾತ್ರ ಆ ಸ್ಥಾನದಿಂದ ಶಾಸನದ ತಾಲ್ಲೂಕನ್ನು ತಿಳಿದು, ಹಳೆಯ ಹೆಸರುಗಳಿಗೆ ಇಂದಿನ ಹೆಸರುಗಳನ್ನು ಹೊಂದಿಸಿ, ಹಿಂದುಮುಂದಿನ ಶಬ್ದಗಳನ್ನು ಓದಿ, ದೇವರು, ಅರಸು, ಒಪ್ಪ, ಊರು, ಸಂದಿಗ್ಧ ಎಂಬ ಐದು ವರ್ಗಗಳಲ್ಲಿ ಒಂದನ್ನು ನಮೂದಿಸಲಿ.

6. ಹೊಂದಿಕೆಯ ನಡುವೆಯೇ ಕರೆ

ಮೇಲಿನ ಬಗೆಯಲ್ಲಿ ಫಂಕ್ಷನ್ನಿಗೆ ಕರೆ ಬರುವುದು ಹೊಂದಿಕೆ ಪೂರ್ಣವಾದ ಬಳಿಕ. ಎರಡನೆಯ ಬಗೆಯಲ್ಲಿ ಶೋಧಕವು ಸೂತ್ರದ ಮಧ್ಯದಲ್ಲಿಯೇ ನಿಂತು ಕರೆಯುತ್ತದೆ. ಪರ್ಲ್ ಭಾಷೆಯು 1998ರ ಆವೃತ್ತಿಯಲ್ಲಿ ಸೂತ್ರದೊಳಗೆ ಕ್ರಮವಿಧಿಯ ತುಣುಕನ್ನಿಡುವ ಅವಕಾಶವನ್ನು ತಂದಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಜ಼ಲ್ 1997ರಲ್ಲಿ ಆರಂಭಿಸಿದ ಪಿಸಿಆರ್‌ಇ ಎಂಬ ಶೋಧಕಸಂಗ್ರಹದಲ್ಲಿ ಇದಕ್ಕೆ 'ಕಾಲ್‌ಔಟ್' ಎಂದು ಹೆಸರು. ಅದರಲ್ಲಿ ಸೂತ್ರದ ಬೇಕಾದ ಸ್ಥಾನದಲ್ಲಿ 0ಯಿಂದ 255ರವರೆಗಿನ ಒಂದು ಕರೆಸಂಖ್ಯೆಯನ್ನು ಇಡಬಹುದು. ಶೋಧಕವು ಆ ಸ್ಥಾನಕ್ಕೆ ಬಂದಾಗ ನಮ್ಮ ಫಂಕ್ಷನ್ನನ್ನು ಕರೆದು ಆ ಸಂಖ್ಯೆಯನ್ನು ತಿಳಿಸುತ್ತದೆ. ಫಂಕ್ಷನ್ ಸೊನ್ನೆಯನ್ನು ಹಿಂದಿರುಗಿಸಿದರೆ ಹೊಂದಿಕೆ ಮುಂದುವರಿಯುತ್ತದೆ. ಧನಸಂಖ್ಯೆಯನ್ನು ಕೊಟ್ಟರೆ ಆ ದಾರಿ ನಿಷಿದ್ಧವಾಗಿ ಶೋಧಕವು ಹಿಂದಣ ಕವಲಿಗೆ ಮರಳುತ್ತದೆ. ಋಣಸಂಖ್ಯೆಯನ್ನು ಕೊಟ್ಟರೆ ಆ ಹೊಂದಿಕೆಯ ಪ್ರಯತ್ನವೇ ನಿಲ್ಲುತ್ತದೆ. ಅಂದರೆ ನಮ್ಮ ಫಂಕ್ಷನ್ ಇಲ್ಲಿ ಫಲವನ್ನು ತಿದ್ದುವುದಲ್ಲ, ಹುಡುಕಾಟದ ದಾರಿಯನ್ನೇ ತಿರುಗಿಸುತ್ತದೆ.

ಜೈನ ಹಸ್ತಪ್ರತಿಗಳ ಕಾಲನಿರ್ಣಯಕ್ಕೆ ಸಂಬಂಧಿಸಿದ ಒಂದು ನಿದರ್ಶನದಿಂದ ಇದರ ಪ್ರಯೋಜನ ತಿಳಿಯುತ್ತದೆ. ಪುಷ್ಪಿಕೆಗಳಲ್ಲಿ ಶಕವರ್ಷವನ್ನು ಭೂತಸಂಖ್ಯೆಗಳಿಂದ, ಅಂದರೆ ವಸ್ತುನಾಮಗಳಿಂದ, ಏಕಸ್ಥಾನದಿಂದ ಆರಂಭಿಸಿ ಎಡಕ್ಕೆ ಹೇಳುವ ಸಂಪ್ರದಾಯ ಪ್ರಸಿದ್ಧ. ಇಂದು 1, ಬಾಣ 5, ಋತು 6. ಆದರೆ ಕೆಲವು ಶಬ್ದಗಳ ಬೆಲೆ ಸಂಪ್ರದಾಯದಿಂದ ಸಂಪ್ರದಾಯಕ್ಕೆ ಭಿನ್ನ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದ ಸಂಜ್ಞಾಧಿಕಾರದಲ್ಲಿ ಕೊಡುವ ಸಂಖ್ಯಾನಾಮಗಳಲ್ಲಿ ಜೈನತತ್ತ್ವಗಳಿಂದ ಬಂದವು ಸೇರಿವೆ. ರತ್ನತ್ರಯವನ್ನು ಭಾವಿಸಿದರೆ ರತ್ನವು 3. ಪಂಚರತ್ನವನ್ನು ಭಾವಿಸಿದರೆ 5. ನವರತ್ನವನ್ನು ಭಾವಿಸಿದರೆ 9. ಜೈನರ ಸಪ್ತತತ್ತ್ವಗಳಿಂದ ತತ್ತ್ವವು 7, ಸಾಂಖ್ಯರ ಎಣಿಕೆಯಿಂದ 25. ಒಂದು ಶಬ್ದದ ಬೆಲೆಯನ್ನು ತಪ್ಪಾಗಿ ಹಿಡಿದರೆ ಹಸ್ತಪ್ರತಿಯ ಕಾಲ ಜಾರುತ್ತದೆ. ಜಾರಿದ ಕಾಲವನ್ನು ನೆಮ್ಮಿ ಕವಿಯ, ಗುರುಪರಂಪರೆಯ, ಆಶ್ರಯದಾತನ ಕಾಲಗಳೂ ಜಾರುತ್ತವೆ.

ವಿವರಣೆಗಾಗಿ 'ರತ್ನ-ಋತು-ಬಾಣ-ಇಂದು ಸಂಖ್ಯೆಯ ಶಕವರ್ಷದ ಸರ್ವಜಿತು ಸಂವತ್ಸರ' ಎಂಬ ಒಂದು ಮಾದರಿ ವಾಕ್ಯವನ್ನು ಕಲ್ಪಿಸಿಕೊಳ್ಳೋಣ. ಎಡಕ್ಕೆ ಎಣಿಸಿದರೆ ಕೊನೆಯ ಅಂಕೆಯ ಹೊರತು 156 ಸಿದ್ಧ. ರತ್ನದ ಬೆಲೆಗೆ ತಕ್ಕಂತೆ ವರ್ಷವು 1563, 1565 ಅಥವಾ 1569. ಸೂತ್ರದಲ್ಲಿ ರತ್ನಶಬ್ದವನ್ನು ಮೂರು ಕವಲುಗಳಾಗಿ ಬರೆದು, ಅವುಗಳಿಗೆ ಕ್ರಮವಾಗಿ 3, 5, 9 ಎಂಬ ಕರೆಸಂಖ್ಯೆಗಳನ್ನೇ ಕೊಡುತ್ತೇವೆ. ಉಳಿದ ಶಬ್ದಗಳಿಗೂ ಅವುಗಳ ಬೆಲೆಯೇ ಕರೆಸಂಖ್ಯೆ. ಪ್ರತಿ ಕರೆಯಲ್ಲಿಯೂ ಫಂಕ್ಷನ್ ಆ ಸ್ಥಾನದ ಅಂಕೆಯನ್ನು ಬರೆದುಕೊಂಡು ಸೊನ್ನೆಯನ್ನು ಹಿಂದಿರುಗಿಸುತ್ತದೆ. ಸಂವತ್ಸರದ ಹೆಸರು ಹೊಂದಿದ ಬಳಿಕ 200 ಎಂಬ ಕರೆಸಂಖ್ಯೆ. ಇದು ಪರೀಕ್ಷೆಯ ಕರೆ.

ದಕ್ಷಿಣದೇಶದ ಸಂವತ್ಸರಚಕ್ರದಲ್ಲಿ ಗತಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವಾದಿ ಗಣನೆಯಲ್ಲಿ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. ಮೊದಲ ಕವಲಿನಲ್ಲಿ 1563ಕ್ಕೆ 12 ಕೂಡಿಸಿದರೆ 1575, ಶೇಷ 15, ವೃಷ. ಪಾಠದಲ್ಲಿರುವುದು ಸರ್ವಜಿತು. ಫಂಕ್ಷನ್ ಧನಸಂಖ್ಯೆಯನ್ನು ಕೊಡುತ್ತದೆ. ಶೋಧಕ ರತ್ನದ ಕವಲಿಗೆ ಮರಳುತ್ತದೆ. ಎರಡನೆಯದರಲ್ಲಿ 1577, ಶೇಷ 17, ಸ್ವಭಾನು, ಅದೂ ನಿಷಿದ್ಧ. ಮೂರನೆಯದರಲ್ಲಿ 1581, ಶೇಷ 21, ಸರ್ವಜಿತು. ಸೊನ್ನೆ ಹಿಂದಿರುಗುತ್ತದೆ, ಹೊಂದಿಕೆ ಸಿದ್ಧಿಸುತ್ತದೆ. ಶಕ 1569 ಎಂದರೆ ಕ್ರಿಸ್ತಶಕ 1647-48. ಶಾಸನಗಳು ಕೆಲವೊಮ್ಮೆ ಗತವರ್ಷವನ್ನಲ್ಲದೆ ವರ್ತಮಾನವರ್ಷವನ್ನು ಹೇಳುವುದರಿಂದ ಒಂದು ವರ್ಷದ ಅಂತರವನ್ನೂ ಪರೀಕ್ಷಿಸಬೇಕು. ಹಾಗೆ ಮಾಡಿದರೂ ಇಲ್ಲಿ ವಿಕ್ರಮ, ಚಿತ್ರಭಾನು, ವ್ಯಯಗಳು ಬರುತ್ತವೆಯೇ ಹೊರತು ಸರ್ವಜಿತು ಇನ್ನೊಮ್ಮೆ ಬರುವುದಿಲ್ಲ, ನಿರ್ಣಯ ನಿಸ್ಸಂದಿಗ್ಧ. ಸೂತ್ರವೊಂದರಿಂದಲೇ ಈ ಗಣನೆ ಅಸಾಧ್ಯ. ಕೂಡಿಸುವ, ಭಾಗಿಸುವ ಶಕ್ತಿ ವಿನ್ಯಾಸಸೂತ್ರಕ್ಕಿಲ್ಲ. ವಾಸ್ತವ ಪಾಠಗಳಲ್ಲಿ 'ಬಾಣೇಂದು' ಎಂಬಂತೆ ಸಂಧಿಯಾಗಿರುವುದರಿಂದ ಸಂಧಿರೂಪಗಳನ್ನೂ ಕವಲುಗಳಾಗಿ ಸೇರಿಸಬೇಕಾಗುತ್ತದೆ.

ಛಂದಸ್ಸಿನಲ್ಲಿಯೂ ಇದು ಉಪಯುಕ್ತ. ಕಂದಪದ್ಯದ ಮೊದಲ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣಗಳು, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಗಣಗಳು. ಒಟ್ಟು 64 ಮಾತ್ರೆಗಳು. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬುದು ಸಾಮಾನ್ಯ ನಿಯಮ. ಆದರೆ ನೆಗೞ್ದ, ಪೊಗೞ್ದ, ಅಮರ್ದು ಮೊದಲಾದವುಗಳಲ್ಲಿ ಶಿಥಿಲದ್ವಿತ್ವದಿಂದ ಅದು ಲಘುವಾಗಬಹುದು. ಸೂತ್ರದಲ್ಲಿ ಇಂತಹ ಸ್ಥಾನಕ್ಕೆ ಗುರು, ಲಘು ಎಂಬ ಎರಡು ಕವಲುಗಳನ್ನು ಕೊಟ್ಟರೆ ಶೋಧಕವು ಪಾದಕ್ಕೆ ಹೊಂದುವುದನ್ನು ತಾನೇ ಆರಿಸುತ್ತದೆ. ಅಪಾಯವೂ ಇಲ್ಲಿಯೇ ಇದೆ: ಎಲ್ಲೆಡೆ ಕವಲನ್ನು ಕೊಟ್ಟರೆ ಲಿಪಿಕಾರನ ಛಂದೋಭಂಗವೂ ಶಿಥಿಲದ್ವಿತ್ವದ ಹೆಸರಿನಲ್ಲಿ ಸರಿಹೋಗಿಬಿಡುತ್ತದೆ. ಆದುದರಿಂದ ಲಘುವಿನ ಕವಲಿನಲ್ಲಿ ಒಂದು ಕಾಲ್‌ಔಟ್ ಇರಬೇಕು. ಒತ್ತಿನ ಮೊದಲ ವ್ಯಂಜನ ರ, ಲ, ಳ, ೞಗಳಲ್ಲಿ ಒಂದೇ, ಶಬ್ದ ಕನ್ನಡವೇ ಎಂಬುದನ್ನು ಅದು ಪರೀಕ್ಷಿಸಿ, ಅಲ್ಲವಾದರೆ ಆ ದಾರಿಯನ್ನು ತಡೆಯಬೇಕು. ಆಗ ಹೊಂದದೆ ಉಳಿದ ಪದ್ಯಗಳೇ ಸಂಪಾದಕನು ಓಲೆಯನ್ನು ಮತ್ತೊಮ್ಮೆ ನೋಡಬೇಕಾದ ಪದ್ಯಗಳು.

7. ಕೆಲವು ಎಚ್ಚರಿಕೆಗಳು

ಮೊದಲನೆಯದು: ಹೊಂದಿಕೆಯ ನಡುವೆ ಬರುವ ಕರೆಗಳೆಲ್ಲವೂ ಸಿದ್ಧಿಸಿದ ದಾರಿಯ ಕರೆಗಳಲ್ಲ. ಶೋಧಕ ಹಿಂದೆ ಸರಿದರೂ ಫಂಕ್ಷನ್ ಬರೆದುಕೊಂಡುದು ತಾನಾಗಿ ಅಳಿಯುವುದಿಲ್ಲ. ಆದುದರಿಂದ ಅಂಕೆಗಳನ್ನು ಒಂದರ ಕೆಳಗೊಂದಾಗಿ ಸೇರಿಸದೆ, ಪಾಠಸ್ಥಾನದ ಸಂಖ್ಯೆಯೊಡನೆ ಬರೆದುಕೊಳ್ಳಬೇಕು; ಅದೇ ಸ್ಥಾನಕ್ಕೆ ಮತ್ತೆ ಕರೆ ಬಂದಾಗ ಹಳೆಯದರ ಮೇಲೆ ಹೊಸದು ನಿಲ್ಲುತ್ತದೆ. ಪಾಠಾಂತರಪಟ್ಟಿಗೆ ಸೇರಿಸುವ ಕೆಲಸವನ್ನು ಹೊಂದಿಕೆ ಪೂರ್ಣವಾದ ಮೇಲೆಯೇ ಮಾಡಬೇಕು.

ಎರಡನೆಯದು: ಕಣ್ಣಿಗೆ ಒಂದೇ ಆಗಿ ಕಾಣುವ ಅಕ್ಷರ ಸ್ಮೃತಿಯಲ್ಲಿ ಎರಡು ರೀತಿಯಲ್ಲಿರಬಹುದು. ಒಕಾರದ ಚಿಹ್ನೆ ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರಗಳ ಎರಡು ಚಿಹ್ನೆಗಳಾಗಿಯೂ ಬರಬಹುದು. ಕಣ್ಣಿಗೆ ಕಾಣದ ಜೋಡಕ-ಬೇರ್ಪಡಕ ಸಂಕೇತಗಳು ನಡುವೆ ಅಡಗಿರಬಹುದು. ಹುಡುಕುವ ಮೊದಲು ಪಾಠದ ಒಂದು ಪ್ರತಿಯನ್ನು ಏಕರೂಪಕ್ಕೆ ತಂದುಕೊಳ್ಳಬೇಕು. 'ಯಾವುದಾದರೊಂದು ಸಂಕೇತ' ಎಂಬ ಸೂತ್ರಭಾಗ ಅರ್ಧ ಅಕ್ಷರವನ್ನು ಕತ್ತರಿಸಬಹುದೆಂಬುದನ್ನೂ ಮರೆಯಬಾರದು.

ಮೂರನೆಯದು: ಸೌಕರ್ಯಗಳು ಎಲ್ಲ ಭಾಷೆಗಳಲ್ಲಿಯೂ ಸಮಾನವಲ್ಲ. ಪೈಥಾನ್‌ನ ಸಾಮಾನ್ಯ ಶೋಧಕದಲ್ಲಿ ಹೊಂದಿಕೆಯಾದ ಮೇಲಿನ ಕರೆ ಉಂಟು, ನಡುವಿನ ಕರೆ ಇಲ್ಲ. ಅಲ್ಲಿ ಎಲ್ಲ ಸಾಧ್ಯತೆಗಳನ್ನೂ ಮೊದಲು ಪಟ್ಟಿಮಾಡಿಕೊಂಡು ಆಮೇಲೆ ಒಂದೊಂದನ್ನು ಪರೀಕ್ಷಿಸಬೇಕು. ಫಲ ಒಂದೇ, ದಾರಿ ಬೇರೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಮೂಲಪಾಠವನ್ನು ಎಂದಿಗೂ ಬದಲಿಸಬಾರದು. ಫಂಕ್ಷನ್ ಕೊಡುವ ರೂಪ ಬೇರೊಂದು ಸಾಲಿಗೆ ಹೋಗಲಿ. ಅದರೊಡನೆ ಮೂಲರೂಪ, ಸ್ಥಾನ, ಅನ್ವಯಿಸಿದ ನಿಯಮ ಇವೂ ದಾಖಲಾಗಲಿ. ಧರ್ಮ್ಮ ಎಂಬ ಬರಹವು ಸೂಚಿಕಾರನಿಗೆ ಅಡ್ಡಿಯಾದರೂ ಲಿಪಿಶಾಸ್ತ್ರಜ್ಞನಿಗೆ ಪ್ರತಿಯ ಕಾಲ, ಪ್ರದೇಶ, ಲಿಪಿಕಾರರ ಅಭ್ಯಾಸಗಳನ್ನು ಹೇಳುವ ಸಾಕ್ಷಿ. ಕಳೆದ ಸಾಕ್ಷಿಯನ್ನು ಮತ್ತೆ ತರಲು ಓಲೆಯೇ ಬೇಕು. ಓಲೆಗೆ ಯಂತ್ರದಷ್ಟು ಆಯುಸ್ಸು ಇರುವುದೆಂಬ ಭರವಸೆಯಿಲ್ಲ.

8. ಉಪಸಂಹಾರ

ಸೂತ್ರ, ಅದಕ್ಕೆ ಅಪವಾದ, ವಿಕಲ್ಪ, ಗಣಪಾಠ: ಇವು ನಮ್ಮ ಶಾಸ್ತ್ರಪರಂಪರೆಗೆ ಹೊಸವಲ್ಲ. ಸಾಮಾನ್ಯವನ್ನು ಸೂತ್ರದಲ್ಲಿ ಹೇಳಿ, ವಿಶೇಷವನ್ನು ಪಟ್ಟಿಯಲ್ಲಿಟ್ಟು, ಸೂತ್ರ ನಡೆಯುವಾಗ ಪಟ್ಟಿಯನ್ನು ನೋಡಬೇಕೆಂದು ವಿಧಿಸಿದವರು ನಮ್ಮ ವೈಯಾಕರಣರು. ಕಾಲ್‌ಬ್ಯಾಕ್ ವಿಧಾನ ಯಂತ್ರಕ್ಕೆ ಕಲಿಸುವುದು ಅದೇ ಶಿಸ್ತನ್ನು. ಸೂತ್ರ ಉದಾರವಾಗಿ ಹುಡುಕಲಿ. ನಿರ್ಣಯ ಮಾತ್ರ ಪ್ರತಿ ಸ್ಥಾನದಲ್ಲಿಯೂ ಆಧಾರವನ್ನು ನೋಡಿ ಆಗಲಿ. ಆಧಾರ ಸಾಲದೆಡೆ ಸಂದೇಹವೆಂದೇ ಉಳಿಯಲಿ.

ಇದಕ್ಕೆ ಬೇಕಾದ ಪಟ್ಟಿಗಳನ್ನು ಗಣಕತಜ್ಞರು ಮಾಡಲಾರರು. ವ್ಯುತ್ಪತ್ತಿಸಿದ್ಧ ದ್ವಿತ್ವಗಳು, ರಳ-ಕುಳ ಶಬ್ದಗಳು, ಜೈನ ಭೂತಸಂಖ್ಯೆಗಳು, ಶಿಥಿಲದ್ವಿತ್ವದ ಪ್ರಯೋಗಗಳು, ಗ್ರಾಮನಾಮಗಳ ಪೂರ್ವೋತ್ತರ ರೂಪಗಳು ಇವೆಲ್ಲ ಹಸ್ತಪ್ರತಿಗಳನ್ನು ಓದಿದವರಿಂದಲೇ ಸಿದ್ಧವಾಗಬೇಕು. ಒಬ್ಬೊಬ್ಬ ವಿದ್ವಾಂಸರು ತಮ್ಮ ವ್ಯಾಸಂಗದ ಒಂದೊಂದು ಪಟ್ಟಿಯನ್ನು ಆಧಾರಸಹಿತವಾಗಿ ಸಿದ್ಧಪಡಿಸಿದರೂ ಮುಂದಿನ ಸಂಪಾದಕರ ಶ್ರಮ ಎಷ್ಟೋ ಹಗುರವಾಗುತ್ತದೆ.